ಬೇಡದ ಇಫ್‌ಡೆಫ್ ಕೀಳಲು ಯಾವುದು ಸರಿ: ಕೈ, ಜಿಸಿಸಿ, ಯುನಿಫ್‌ಡೆಫ್, ಕೋಯನ್

ಹಳೇ ಸಿ ಕೋಡ್ ಒಂದು ನನ್ನ ಪಾಲಿಗೆ ಬಂತು. ಸೀರಿಯಲ್ ಪೋರ್ಟ್ ಮೂಲಕ ಡಿವೈಸ್ ಜೊತೆ ಮಾತಾಡುವ ಲೈಬ್ರರಿ. ಅದರೊಳಗೆ ಹಳೇ ಆಪರೇಟಿಂಗ್ ಸಿಸ್ಟಮ್ ಡಾಸ್‌ಗೆ ಒಂದು ದಾರಿ, ಎಂದೋ ನಿಂತುಹೋದ ಬೋರ್ಡ್‌ಗೆ ಇನ್ನೊಂದು, ಈಗ ಯಾರೂ ಬಳಸದ ಕಂಪೈಲರ್‌ಗೆ ಮತ್ತೊಂದು. ಒಂದು ಫಂಕ್ಷನ್ ಓದಿ ಮುಗಿಸಬೇಕಾದರೆ ನಾಲ್ಕು #ಇಫ್‌ಡೆಫ್ (‘ಈ ಹೆಸರು ಡಿಫೈನ್ ಆಗಿದ್ದರೆ ಮಾತ್ರ #ಎಂಡಿಫ್‌ವರೆಗಿನ ಕೋಡ್ ಸೇರಿಸು’ ಅನ್ನುವ ಷರತ್ತಿನ ಸಾಲು) ದಾಟಬೇಕು. ಸತ್ತ ದಾರಿಗಳನ್ನೆಲ್ಲ ಕಿತ್ತುಹಾಕೋಣ ಅಂತ ಕೂತೆ. ನಾಲ್ಕು ವಿಧಾನ ಪ್ರಯತ್ನಿಸಿದೆ.

ಮೊದಲು ಕೈಯಿಂದಲೇ. ವಿಮ್ ಎಡಿಟರ್‌ನಲ್ಲಿ ಶೇಕಡಾ ಚಿಹ್ನೆಯ ಕೀ ಒತ್ತಿದರೆ #ಇಫ್‌ನಿಂದ #ಎಲ್ಸ್‌ಗೆ, ಅಲ್ಲಿಂದ #ಎಂಡಿಫ್‌ಗೆ ಜಿಗಿಯುತ್ತದೆ. ಮೊದಲ ಎರಡು ಫೈಲ್ ಆರಾಮಾಗಿ ಮುಗಿದವು. ಮೂರನೆಯದರಲ್ಲಿ #ಇಫ್‌ಎನ್‌ಡೆಫ್ (‘ಡಿಫೈನ್ ಆಗಿಲ್ಲದಿದ್ದರೆ’) ಅನ್ನು #ಇಫ್‌ಡೆಫ್ ಅಂತ ಓದಿಕೊಂಡೆ. ನಡುವಿನ ಆ ಒಂದು ‘ಎನ್’ ಕಣ್ಣಿಗೆ ಬೀಳಲೇ ಇಲ್ಲ. ಬೇಕಾದ ಭಾಗ ಹೋಯಿತು, ಬೇಡದ್ದು ಉಳಿಯಿತು. ಕಂಪೈಲ್ ಮಾತ್ರ ಒಂದೂ ಎಚ್ಚರಿಕೆ ಇಲ್ಲದೆ ಆಯಿತು! ಆಮೇಲೆ ಟೈಮ್‌ಔಟ್ ತಪ್ಪಾಗಿ ಬರುತ್ತಿದೆ ಅಂತ ಅರ್ಧ ದಿನ ಹುಡುಕಿದೆ. ಹತ್ತು ಜಾಗಕ್ಕಿಂತ ಜಾಸ್ತಿ ಇದ್ದರೆ ಕೈಕೆಲಸ ಬೇಡ.

ಎರಡನೆಯದು ಜಿಸಿಸಿ ಕಂಪೈಲರ್. ಎಲ್ಲರಿಗೂ ಹೊಳೆಯುವ ಉಪಾಯ ಇದು, ಅಲ್ವಾ? ಷರತ್ತುಗಳನ್ನು ಬಿಡಿಸುವುದೇ ಕಂಪೈಲ್‌ಗೆ ಮೊದಲು ಓಡುವ ಪ್ರಿಪ್ರೊಸೆಸರ್ ಕೆಲಸ, ಹಾಗಾದರೆ ಅದನ್ನಷ್ಟೇ ಓಡಿಸುವ ‘-ಇ’ ಕೊಟ್ಟು ಓಡಿಸಿದರಾಯಿತು. ಓಡಿಸಿದೆ. ಇನ್ನೂರು ಸಾಲಿನ ಫೈಲ್ ಸಾವಿರಾರು ಸಾಲಾಗಿ ಉಬ್ಬಿತು. ಹೆಡರ್‌ಗಳೆಲ್ಲ ಒಳಗೆ ಬಂದು ಕೂತಿದ್ದವು, ಕಾಮೆಂಟ್‌ಗಳು ಮಾಯ, ಮ್ಯಾಕ್ರೊಗಳೆಲ್ಲ (#ಡಿಫೈನ್ ಮಾಡಿದ ಚುಟುಕು ಹೆಸರುಗಳು) ಬಿಡಿಸಿಕೊಂಡು ಹರಡಿದ್ದವು. ‘-ಎಫ್‌ಡೈರೆಕ್ಟಿವ್ಸ್-ಓನ್ಲಿ’ ಸೇರಿಸಿದರೆ ಕೋಡ್‌ನೊಳಗಿನ ಮ್ಯಾಕ್ರೊಗಳನ್ನು ಬಿಡಿಸದೆ ಹಾಗೇ ಇಡುತ್ತದೆ. ಆದರೆ ಹೆಡರ್‌ಗಳು ಆಗಲೂ ಒಳಗೆ ಬರುತ್ತವೆ.

ನಿಜವಾದ ತೊಂದರೆ ಅದಲ್ಲ. ಪ್ರಿಪ್ರೊಸೆಸರ್‌ಗೆ ‘ಗೊತ್ತಿಲ್ಲ’ ಅನ್ನುವ ಉತ್ತರವೇ ಇಲ್ಲ. ನೀವು ಹೇಳದ ಹೆಸರು ಅದರ ಲೆಕ್ಕದಲ್ಲಿ ಡಿಫೈನ್ ಆಗಿಲ್ಲ, #ಇಫ್‌ನಲ್ಲಿ ಬಂದರೆ ಸೊನ್ನೆ. ನನಗೆ ಡಾಸ್ ಮಾತ್ರ ಹೋಗಬೇಕಿತ್ತು. ಅದು ವಿಂಡೋಸ್, ಮ್ಯಾಕ್, ಡೀಬಗ್ ಎಲ್ಲದರ ಬಗ್ಗೆಯೂ ತೀರ್ಪು ಕೊಟ್ಟುಬಿಟ್ಟಿತು.

ಮೂರನೆಯದು ಯುನಿಫ್‌ಡೆಫ್, ಇಂಥ ಷರತ್ತು ಕೀಳುವುದಕ್ಕೆಂದೇ ಇರುವ ಕಮಾಂಡ್. ಅದು ಇಲ್ಲೇ ಬೇರೆಯಾಗುವುದು. ಅದರ ಲೆಕ್ಕದಲ್ಲಿ ಮೂರು ಉತ್ತರಗಳಿವೆ: ನಿಜ, ಸುಳ್ಳು, ಗೊತ್ತಿಲ್ಲ. ‘-ಡಿ’ (ಡಿಫೈನ್ ಆಗಿದೆ) ಅಥವಾ ‘-ಯು’ (ಆಗಿಲ್ಲ) ಕೊಟ್ಟು ಹೇಳಿದ ಹೆಸರುಗಳ ಬಗ್ಗೆ ಮಾತ್ರ ತೀರ್ಮಾನ. ಉಳಿದದ್ದನ್ನು ಇದ್ದ ಹಾಗೇ ಬಿಡುತ್ತದೆ. ಹೆಡರ್ ಸೇರಿಸುವುದಿಲ್ಲ, ಮ್ಯಾಕ್ರೊ ಬಿಡಿಸುವುದಿಲ್ಲ, ಕಾಮೆಂಟ್ ಮುಟ್ಟುವುದಿಲ್ಲ. #ಇಫ್ 0 ಅನ್ನು ಕೂಡ ‘-ಕೆ’ ಕೊಡುವವರೆಗೆ ಬಿಟ್ಟಿರುತ್ತದೆ, ಜನ ಅದನ್ನು ಕಾಮೆಂಟ್ ಥರ ಬಳಸುತ್ತಾರೆ ಅಂತ ಅದಕ್ಕೆ ಗೊತ್ತು. ಇದು ಹಳೇ ತಲೆ. ಹಳೇ ಯುನಿಕ್ಸ್ ಆವೃತ್ತಿ 2.9ಬಿಎಸ್‌ಡಿ ಕಾಲದಿಂದ ಇದೆ. ಮೊದಲು ಬರೆದವರು ಡೇವ್ ಯೋಸ್ಟ್, ಆನ್ಸಿ ಸಿ (ಸಿ ಭಾಷೆಯ ಪ್ರಮಾಣಿತ ರೂಪ) ಅರ್ಥವಾಗುವಂತೆ ತಿರುಗಿ ಬರೆದವರು ಟೋನಿ ಫಿಂಚ್. ಲಿನಕ್ಸ್ ಕರ್ನಲ್ ಸೋರ್ಸ್‌ನಲ್ಲೇ ಇದರ ಒಂದು ಪ್ರತಿ ಇದೆ, ಹೆಡರ್‌ಗಳನ್ನು ಹೊರಗೆ ಕೊಡುವಾಗ ಕರ್ನಲ್‌ಗೆ ಮಾತ್ರ ಬೇಕಾದ ಭಾಗ ಕತ್ತರಿಸುವುದಕ್ಕೆ.

ಓಡಿಸಿದ ಮೇಲೆ ಡಿಫ್ ನೋಡಿ ಖುಷಿಯಾಯಿತು. ಬರೀ ಕೆಂಪು ಸಾಲುಗಳು (ಅಳಿಸಿದ್ದು), ಹಸಿರು (ಸೇರಿಸಿದ್ದು) ಎಲ್ಲೋ ಒಂದೆರಡು. ಆ ಹಸಿರೂ ಸರಿಯಾದದ್ದೇ. ಸರಣಿಯ ಮೊದಲ #ಇಫ್‌ಡೆಫ್ ಹೋದಾಗ ಕೆಳಗಿನ #ಎಲಿಫ್ ಅನ್ನು ತಾನೇ #ಇಫ್ ಮಾಡಿತ್ತು.

ಇದನ್ನು ಮೇಕ್‌ಫೈಲ್‌ನೊಳಗೆ (ಬಿಲ್ಡ್ ಮಾಡುವ ‘ಮೇಕ್’ ಓದುವ ಫೈಲ್) ಹಾಕುವವರಿಗೆ ಒಂದು ಮಾತು. ಫೈಲ್ ಬದಲಾದರೆ ಇದು 1 ಹಿಂದಿರುಗಿಸುತ್ತದೆ, ಬದಲಾಗದಿದ್ದರೆ 0. ಮೇಕ್ ಅದನ್ನು ಎರರ್ ಅಂದುಕೊಂಡು ನಿಲ್ಲುತ್ತದೆ. ‘-ಎಕ್ಸ್ 2’ ಕೊಟ್ಟರೆ ಎರಡಕ್ಕೂ 0 ಬರುತ್ತದೆ.

ಇದು ಎಡವುವುದು ಕೂಡಿಸಿದ ಷರತ್ತುಗಳಲ್ಲಿ. ಕೋಡ್‌ನಲ್ಲಿ ಹೀಗೊಂದು ಸಾಲಿತ್ತು ಅನ್ನಿ:

#ಇಫ್ ಡಿಫೈನ್ಡ್(ಡಾಸ್) || ಡಿಫೈನ್ಡ್(ಫಾಸ್ಟ್)

ಡಾಸ್ ಇಲ್ಲ ಅಂತ ಹೇಳಿದ್ದೇನೆ, ಫಾಸ್ಟ್ ಬಗ್ಗೆ ಏನೂ ಹೇಳಿಲ್ಲ. ಒಟ್ಟು ಉತ್ತರ ‘ಗೊತ್ತಿಲ್ಲ’. ಹಾಗಾಗಿ ಸಾಲು ಪೂರ್ತಿ ಉಳಿಯುತ್ತದೆ, ಡಾಸ್ ಹೆಸರು ಸಮೇತ. ‘||’ (ಅಥವಾ) ಬದಲು ‘&&’ (ಮತ್ತು) ಇದ್ದಿದ್ದರೆ ಒಂದು ಕಡೆ ಸುಳ್ಳಾದದ್ದೇ ಸಾಕು, ಪೂರ್ತಿ ತುಂಡು ಹೋಗುತ್ತಿತ್ತು. ಎಲ್ಲ ಮುಗಿದ ಮೇಲೆ ಗ್ರೆಪ್ ಮಾಡಿ ಹುಡುಕಿದರೆ ಡಾಸ್ ಇನ್ನೂ ಹನ್ನೊಂದು ಕಡೆ ಇಣುಕುತ್ತಿತ್ತು.

ನಾಲ್ಕನೆಯದು ಕೋಯನ್, ಇದೇ ಕೆಲಸದ ಇನ್ನೊಂದು ಕಮಾಂಡ್. ಅದು ಈ ಹನ್ನೊಂದನ್ನೂ ಬಿಡಿಸಿತು. ಮೇಲಿನ ಸಾಲನ್ನು ‘#ಇಫ್ ಡಿಫೈನ್ಡ್(ಫಾಸ್ಟ್)’ ಅಂತ ಚಿಕ್ಕದು ಮಾಡಿತು. ಇದು ಒಂದು ರೀತಿಯಲ್ಲಿ ಯುನಿಫ್‌ಡೆಫ್ ವಂಶದ್ದೇ. ಅದರಿಂದ ಹುಟ್ಟಿದ ಸುನಿಫ್‌ಡೆಫ್‌ನ ಮುಂದಿನ ಅವತಾರ. ಡೈರೆಕ್ಟರಿ ಒಳಗೆಲ್ಲ ತಾನೇ ಇಳಿದು ಹೋಗುತ್ತದೆ, ಯಾವ್ಯಾವ ಹೆಸರು ಎಲ್ಲೆಲ್ಲಿ ಇದೆ ಅಂತ ಪಟ್ಟಿ ಕೊಡುತ್ತದೆ. ತನ್ನನ್ನು ಪ್ರಿಪ್ರೊಸೆಸರ್‌ನ ಗರಗಸ ಅಂತ ಕರೆದುಕೊಳ್ಳುತ್ತದೆ. ಹೆಸರಿಗೆ ತಕ್ಕ ಹಾಗೆ ಸದ್ದೂ ಜಾಸ್ತಿ, ಸಂದೇಶಗಳ ಮಳೆ. ಬಳಕೆಯ ಪುಟ ಓದಿ ಮುಗಿಸುವಷ್ಟರಲ್ಲಿ ಯುನಿಫ್‌ಡೆಫ್‌ನಲ್ಲಿ ಕೆಲಸವೇ ಮುಗಿದಿರುತ್ತದೆ. ನಾನು ಸೋರ್ಸ್ ಇಳಿಸಿ ಬಿಲ್ಡ್ ಮಾಡಿಕೊಳ್ಳಬೇಕಾಯಿತು.

ಇನ್ನೊಂದು ಗುಂಡಿ ಇದೆ, ಯುನಿಫ್‌ಡೆಫ್‌ನಲ್ಲಿ ನಾನು ಬಿದ್ದದ್ದು. ಒಂದು ಹೆಡರ್‌ನಲ್ಲಿ ‘ಹ್ಯಾವ್_ಸ್ಟ್ರ್‌ಡಪ್ ಇಲ್ಲದಿದ್ದರೆ ಅದನ್ನು 0 ಅಂತ ಡಿಫೈನ್ ಮಾಡು’ ಅಂತಿತ್ತು. ನಾನು ‘-ಯು’ ಕೊಟ್ಟೆ. #ಇಫ್‌ಎನ್‌ಡೆಫ್ ಹೋಯಿತು, #ಡಿಫೈನ್ ಉಳಿಯಿತು. ಬೇರೆ ಫೈಲ್‌ನಲ್ಲಿ ‘#ಇಫ್‌ಡೆಫ್ ಹ್ಯಾವ್_ಸ್ಟ್ರ್‌ಡಪ್’ ಒಳಗಿದ್ದ ಕೋಡ್ ಅಳಿಸಿಹೋಯಿತು. ಆದರೆ ಮೊದಲು ಆ ಕೋಡ್ ಕಂಪೈಲ್ ಆಗುತ್ತಿತ್ತು! ಬೆಲೆ 0 ಆದರೂ ಅದು ಡಿಫೈನ್ ಆದದ್ದೇ ತಾನೇ. ಸೋರ್ಸ್‌ನೊಳಗಿನ #ಡಿಫೈನ್‌ಗಳನ್ನು ಯುನಿಫ್‌ಡೆಫ್ ನೋಡುವುದೇ ಇಲ್ಲ. ನಾವು ಕೊಟ್ಟ ಮಾತಿಗೆ ಸೋರ್ಸ್ ಎದುರು ನುಡಿದರೆ ಕೋಯನ್ ಮಾತ್ರ ಗಮನಿಸುತ್ತದೆ. ಹಾಗಾಗಿ ಯುನಿಫ್‌ಡೆಫ್‌ಗೆ ಒಂದು ಹೆಸರು ಕೊಡುವ ಮೊದಲು ಅದರ #ಡಿಫೈನ್, #ಅನ್‌ಡೆಫ್ ಎಲ್ಲಾದರೂ ಇದೆಯಾ ಅಂತ ಗ್ರೆಪ್ ಮಾಡಿ.

ನಾನು ಇದನ್ನು ಹಿಡಿದದ್ದು ಆಬ್ಜೆಕ್ಟ್ ಫೈಲ್ ಹೋಲಿಸಿ. ಮೊದಲು ಹಳೇ ಕೋಡ್ ಕಂಪೈಲ್ ಮಾಡಿ, ಬಂದ .ಒ ಫೈಲ್‌ಗಳನ್ನು (ಅವೇ ಆಬ್ಜೆಕ್ಟ್ ಫೈಲ್) ಪಕ್ಕಕ್ಕೆ ಎತ್ತಿಡಿ. ಆಮೇಲೆ ಯುನಿಫ್‌ಡೆಫ್ ಅನ್ನು ಸಣ್ಣಕ್ಷರದ ‘-ಬಿ’ ಜೊತೆ ಓಡಿಸಿ. ಆಗ ಕಿತ್ತ ಸಾಲಿನ ಜಾಗದಲ್ಲಿ ಖಾಲಿ ಸಾಲು ಉಳಿಯುತ್ತದೆ. ಸಾಲಿನ ನಂಬರ್ ಬದಲಾಗುವುದಿಲ್ಲ, ಅಸರ್ಟ್‌ಗಳೂ ಡೀಬಗ್ ಮಾಹಿತಿಯೂ ಕದಲುವುದಿಲ್ಲ. ಅದೇ ಜಾಗದಲ್ಲಿ, ಅದೇ ಫ್ಲ್ಯಾಗ್ ಕೊಟ್ಟು ಮತ್ತೆ ಕಂಪೈಲ್ ಮಾಡಿ, ಎರಡು ಫೈಲ್ ಹೋಲಿಸುವ ‘ಸಿಎಂಪಿ’ ಓಡಿಸಿ. ಒಂದು ಬೈಟ್ ಬೇರೆಯಾದರೂ ಏನೋ ತಪ್ಪಿದೆ. ಕೋಡ್‌ನಲ್ಲಿ ದಿನಾಂಕ, ಸಮಯದ ಮ್ಯಾಕ್ರೊ ಇದ್ದರೆ ಮಾತ್ರ ಸುಮ್ನೆ ಗಾಬರಿಯಾಗಬೇಡಿ, ಅವು ಪ್ರತಿ ಸಲ ಬದಲಾಗುತ್ತವೆ. ಎಲ್ಲ ಹೊಂದಿದ ಮೇಲೆ ಮೂಲ ಕೋಡ್ ಮೇಲೆ ‘-ಬಿ’ ಬಿಟ್ಟು ಓಡಿಸಿ.

ಈಗ ನನ್ನ ಕ್ರಮ ಇಷ್ಟೇ. ಒಂದು ಸಲಕ್ಕೆ ಒಂದೇ ಹೆಸರು, ಯುನಿಫ್‌ಡೆಫ್, ಹೋಲಿಕೆ, ಕಮಿಟ್. ಉಳಿದ ಕೂಡಿಸಿದ ಷರತ್ತು ಐದಾರು ಇದ್ದರೆ ಕೈಯಿಂದ ತಿದ್ದುತ್ತೇನೆ, ಅದಕ್ಕಿಂತ ಜಾಸ್ತಿ ಇದ್ದರೆ ಕೋಯನ್ ಗರಗಸ ಕೈಗೆತ್ತಿಕೊಳ್ಳುತ್ತೇನೆ. ಡಾಸ್, ಹಳೇ ಬೋರ್ಡ್ ಎರಡೂ ಹೋದವು. ಆ ಹಳೇ ಕಂಪೈಲರ್‌ನದು ಮುಂದಿನ ವಾರ.