ಆಲೂಗಡ್ಡೆಯೊಂದಕ್ಕೇ ಮೀಸಲಾದ ಅಡುಗೆ ಪುಸ್ತಕ: ಹಲವು ವರ್ಷಗಳ ಬಳಕೆಯ ನಂತರ

ಒಂದೇ ತರಕಾರಿಯ ಮೇಲೆ ಇಡೀ ಪುಸ್ತಕ ಎಂದಾಗ, ನಾಲ್ಕಾರು ಅಡುಗೆಗಳನ್ನೇ ಹೆಸರು ಬದಲಿಸಿ ಹಿಗ್ಗಿಸಿರಬಹುದು ಎಂಬ ಅನುಮಾನ ಬರುವುದು ಸಹಜ. ಆಲೂಗಡ್ಡೆಯ ಅಡುಗೆಗಷ್ಟೇ ಮೀಸಲಾದ ಈ ಪುಸ್ತಕವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇದರಲ್ಲಿರುವ ಪಾಕವಿಧಾನಗಳಿಗಿಂತಲೂ, ಅವುಗಳ ನಡುನಡುವೆ ಬರುವ ವಿವರಣೆಗಳೇ ನನ್ನ ಅಡುಗೆಗೆ ಹೆಚ್ಚು ಒದಗಿಬಂದಿವೆ.

ಲೇಖಕರು ಅಧ್ಯಾಯಗಳನ್ನು ತಿಂಡಿ, ಊಟ ಎಂದು ವಿಂಗಡಿಸದೆ ಗಡ್ಡೆಯ ಗುಣವನ್ನು ಹಿಡಿದು ವಿಂಗಡಿಸಿದ್ದಾರೆ. ಪಿಷ್ಟ ಹೆಚ್ಚಿರುವ ಗಡ್ಡೆ ಬೆಂದಾಗ ಹಿಟ್ಟುಹಿಟ್ಟಾಗಿ ಬಿರಿಯುತ್ತದೆ. ಪಿಷ್ಟ ಕಡಿಮೆ ಇದ್ದು ನೀರಿನಂಶ ಹೆಚ್ಚಿರುವುದು ಬೆಂದ ಮೇಲೂ ಹೋಳಾಗಿಯೇ ಉಳಿಯುತ್ತದೆ. ಯಾವುದು ಯಾವ ಬಗೆಯದೆಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟವಾದ್ದರಿಂದ ಪುಸ್ತಕ ಒಂದು ಸರಳ ಪರೀಕ್ಷೆಯನ್ನು ಕೊಡುತ್ತದೆ: 1 ಅಳತೆ ಉಪ್ಪನ್ನು 11 ಅಳತೆ ನೀರಿನಲ್ಲಿ ಕರಗಿಸಿ ಗಡ್ಡೆಯನ್ನು ಬಿಟ್ಟರೆ, ಪಿಷ್ಟ ಹೆಚ್ಚಿರುವುದು ಮುಳುಗುತ್ತದೆ, ಕಡಿಮೆ ಇರುವುದು ತೇಲುತ್ತದೆ. ಹೊಸ ಚೀಲ ತಂದಾಗಲೆಲ್ಲ ಇದನ್ನು ಮಾಡುವುದು ಈಗ ನನಗೆ ರೂಢಿಯಾಗಿದೆ.

ಪುಸ್ತಕದ ಅತ್ಯುತ್ತಮ ಭಾಗವೆಂದರೆ ಬೇಯಿಸಿ ನುರಿಯುವುದನ್ನು ಕುರಿತ ಅಧ್ಯಾಯ. ಕುದಿಯುವ ನೀರಿಗೆ ಹಾಕಿದರೆ ಒಳಭಾಗ ಬೇಯುವಷ್ಟರಲ್ಲಿ ಹೊರಭಾಗ ಕರಗಿಹೋಗುವುದರಿಂದ ತಣ್ಣೀರಿನಲ್ಲೇ ಇಟ್ಟು ಕಾಯಿಸಬೇಕು. ಬಸಿದ ಮೇಲೆ ಅದೇ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಇಟ್ಟು ಹಬೆಯನ್ನು ಹೋಗಲಾಡಿಸಬೇಕು. ಬಿಸಿಯಿರುವಾಗಲೇ ಜರಡಿಯ ಮೂಲಕ ಒತ್ತಬೇಕು. ಮಿಕ್ಸಿಗೆ ಹಾಕಬಾರದೆಂದು ಅನೇಕ ಪುಸ್ತಕಗಳು ಹೇಳುತ್ತವೆ, ಏಕೆಂದು ಹೇಳುವುದಿಲ್ಲ. ವೇಗವಾಗಿ ತಿರುಗುವ ಬ್ಲೇಡು ಗಡ್ಡೆಯ ಕೋಶಗಳನ್ನು ಒಡೆದು ಒಳಗಿನ ಪಿಷ್ಟವನ್ನು ಹೊರಗೆ ಹರಿಯಬಿಡುವುದರಿಂದ ಇಡೀ ಮುದ್ದೆ ಅಂಟಾಗುತ್ತದೆ ಎಂಬ ಎರಡು ಸಾಲು ಇಲ್ಲಿದೆ. ಆ ಎರಡು ಸಾಲು ತಿಳಿದವರಿಗೆ ಬೆಣ್ಣೆ, ಹಾಲು ಎಷ್ಟು ಹಾಕಬೇಕೆಂಬ ಲೆಕ್ಕವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಬೇಯಿಸುವ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹೋಳಿನ ಮೇಲ್ಮೈ ಸಡಿಲವಾಗಿ, ಒಲೆಯಲ್ಲಿ ಹುರಿದಾಗ ಗರಿಗರಿಯಾದ ಪದರ ಬರುತ್ತದೆ. ವಿನೆಗರ್ ಹಾಕಿದರೆ ಅದಕ್ಕೆ ವಿರುದ್ಧವಾಗಿ ಹೋಳುಗಳು ಒಡೆಯದೆ ನಿಲ್ಲುತ್ತವೆ. ಕರಿಯುವ ಅಧ್ಯಾಯವೂ ಇಷ್ಟೇ ಖಚಿತವಾಗಿದೆ: ಮೊದಲು ಸುಮಾರು 150 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಬಣ್ಣ ಬಾರದಂತೆ ಬೇಯಿಸಿ, ತೆಗೆದು ಆರಿಸಿ, ನಂತರ ಸುಮಾರು 185 ಡಿಗ್ರಿಯಲ್ಲಿ ಮತ್ತೆ ಕರಿಯಬೇಕು.

ಇಷ್ಟು ಒಳ್ಳೆಯ ಪುಸ್ತಕದಲ್ಲಿ ಸುರಕ್ಷತೆಯ ಮಾತು ಕೊನೆಯ ಪುಟಗಳ ಸಣ್ಣ ಅಕ್ಷರಕ್ಕೆ ಸರಿದಿರುವುದನ್ನು ನಾನು ಒಪ್ಪಲಾರೆ. ಬೆಳಕಿಗೆ ಬಿದ್ದ ಗಡ್ಡೆ ಹಸಿರಾಗುತ್ತದೆ. ಆ ಹಸಿರು ಬಣ್ಣ ಪತ್ರಹರಿತ್ತಿನದಾದರೂ, ಅದರ ಜೊತೆಗೆ ಸೊಲಾನಿನ್ ಎಂಬ ವಿಷವೂ ಹೆಚ್ಚಿರುವ ಸಂಭವವಿರುತ್ತದೆ ಮತ್ತು ಕುದಿಸಿದರೆ ಆ ವಿಷ ನಾಶವಾಗುವುದಿಲ್ಲ. ತುಂಬಾ ಹಸಿರಾದ ಅಥವಾ ಕಹಿಯಾದ ಗಡ್ಡೆಯನ್ನು ಎಸೆಯಬೇಕೆಂಬುದು ಮೊದಲ ಪುಟದಲ್ಲೇ ಇರಬೇಕಾದ ಮಾತು. ಸಂಗ್ರಹದ ಕುರಿತು ಮಾತ್ರ ಸ್ಪಷ್ಟತೆಯಿದೆ: ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ, ಅಂಥ ಗಡ್ಡೆ ಕರಿದಾಗ ಬೇಗನೆ ಕಪ್ಪಾಗುತ್ತದೆ, ಆದ್ದರಿಂದ ಗಾಳಿಯಾಡುವ ಕತ್ತಲೆಯ ಜಾಗವೇ ಲೇಸು.

ದೊಡ್ಡ ಕೊರತೆಯೆಂದರೆ ಅಳತೆ. ‘ಮಧ್ಯಮ ಗಾತ್ರದ ನಾಲ್ಕು ಗಡ್ಡೆ’ ಎಂದು ಬರೆದರೆ ಅದು ಅರ್ಧ ಕಿಲೋ ಆಗಬಹುದು, ಮುಕ್ಕಾಲು ಕಿಲೋವೂ ಆಗಬಹುದು. ಹಿಟ್ಟಿನೊಂದಿಗೆ ಕಲಸುವ ಪಾಕಗಳಲ್ಲಿ ಈ ವ್ಯತ್ಯಾಸದಿಂದ ಹದವೇ ಕೆಡುತ್ತದೆ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ತೂಕಗಳನ್ನು ಬರೆದುಕೊಂಡು ಬಳಸುತ್ತಿದ್ದೇನೆ. ಸಿಹಿತಿನಿಸುಗಳ ಅಧ್ಯಾಯ ಪುಟ ತುಂಬಿಸಲು ಬರೆದಂತಿದೆ, ಅದನ್ನು ಬಿಟ್ಟರೂ ನಷ್ಟವಿಲ್ಲ.

ಅಡುಗೆಯನ್ನು ಈಗಷ್ಟೇ ಕಲಿಯುತ್ತಿರುವವರು ಇದನ್ನು ಕೊಳ್ಳುವುದಾದರೆ ಜೊತೆಗೊಂದು ತೂಕದ ಯಂತ್ರವನ್ನೂ ಇಟ್ಟುಕೊಳ್ಳಲಿ, ಮತ್ತು ಪಾಕವಿಧಾನಗಳಿಗೆ ಹೋಗುವ ಮುನ್ನ ನುರಿಯುವ ಅಧ್ಯಾಯದ ಮುನ್ನುಡಿಯನ್ನು ಪೂರ್ತಿಯಾಗಿ ಓದಲಿ.