ಸೆಮಿನಾರ್‌ಗೆ ಯಾವ ಕ್ರಾಂತಿ: ಅಮೆರಿಕದ್ದೋ, ಫ್ರಾನ್ಸಿನದ್ದೋ?

ದಾವಣಗೆರೆಯ ಬಿ.ಎ. ಹುಡುಗರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಹತ್ತೇ ನಿಮಿಷ ಮಾತಾಡಬೇಕಿದ್ದರೆ ಅಮೆರಿಕ ಸಲೀಸು. ಬ್ರಿಟಿಷರ ಜೊತೆ ತೆರಿಗೆ ಜಗಳ, 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ನೀರುಪಾಲು, 1776ರಲ್ಲಿ ಸ್ವಾತಂತ್ರ್ಯ ಘೋಷಣೆ. ಕಥೆ ನೇರವಾಗಿ ಸಾಗುತ್ತದೆ. ನಮ್ಮ ಕಡೆಯ ಕೊಂಡಿಯೂ ಇದೆ. 1779ರಲ್ಲಿ ಚಿತ್ರದುರ್ಗದ ಕೋಟೆ ಗೆದ್ದ ಹೈದರಾಲಿಯ ಹೆಸರನ್ನು ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧದ ಹಡಗೊಂದಕ್ಕೆ ಇಟ್ಟಿದ್ದರು! ಇಬ್ಬರಿಗೂ ಶತ್ರು ಬ್ರಿಟಿಷರೇ ಅಲ್ವಾ?

ಫ್ರಾನ್ಸ್ ಜಾಸ್ತಿ ಗೋಜಲು. ಬ್ರೆಡ್ಡಿನ ಬೆಲೆ, ಖಾಲಿ ಖಜಾನೆ, 1789ರಲ್ಲಿ ಬಾಸ್ಟಿಲ್ ಸೆರೆಮನೆಗೆ ಜನ ನುಗ್ಗಿದ್ದು, 1793ರಲ್ಲಿ ರಾಜನ ತಲೆ. ಆಮೇಲೆ ಕ್ರಾಂತಿಕಾರರೇ ಒಬ್ಬರನ್ನೊಬ್ಬರು ಗಿಲೊಟಿನ್‌ಗೆ (ತಲೆ ಕತ್ತರಿಸುವ ಯಂತ್ರಕ್ಕೆ) ಕಳಿಸಿದರು. ವಾಂದೇ ಪ್ರಾಂತ್ಯದಲ್ಲಿ ಅಂತರ್ಯುದ್ಧ ಬೇರೆ. ಓದಲು ಪುರುಸೊತ್ತಿದ್ದರೆ ಇದನ್ನೇ ಹಿಡಿಯಿರಿ. ಎರಡು ದಿನ ಮಾತ್ರ ಉಳಿದಿದ್ದರೆ ಸುಮ್ನೆ ಬಾಸ್ಟನ್‌ಗೆ ಹೋಗಿ.