ವೇಗಕ್ಕೆ ಹ್ಯಾಶ್‌ಕ್ಯಾಟ್, ವರದಿಗೆ ಜಾನ್

ಕಚೇರಿಯ ವಿಂಡೋಸ್ ಪಾಸ್‌ವರ್ಡ್‌ಗಳು ಎಷ್ಟು ಗಟ್ಟಿ ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂದಾಗ (ಲಿಖಿತ ಅನುಮತಿ ಪಡೆದೇ ಕುಳಿತೆ; ಅದಿಲ್ಲದೆ ಇದಕ್ಕೆ ಕೈ ಹಾಕಬೇಡಿ) ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಸ್ವಂತ ದುಡ್ಡಿನಲ್ಲಿ ತಂದೆ. ಕಾರ್ಡಿನ ಬಲದಲ್ಲಿ ಪಾಸ್‌ವರ್ಡ್ ಒಡೆಯುವ ಹ್ಯಾಶ್‌ಕ್ಯಾಟ್ ಎಂಬ ತಂತ್ರಾಂಶಕ್ಕೆಂದೇ ತಂದದ್ದು. ಆದರೆ ಈಗ ಆಡಿಟ್ ದಿನ ಮೊದಲು ತೆರೆಯುವುದು ಅದೇ ಕೆಲಸದ ಇನ್ನೊಂದು ತಂತ್ರಾಂಶ ಜಾನ್ ದಿ ರಿಪ್ಪರ್ ಅನ್ನು.

ವೇಗದ ಬಗ್ಗೆ ತಕರಾರಿಲ್ಲ. ವಿಂಡೋಸ್ ಪಾಸ್‌ವರ್ಡನ್ನು ಗುರುತು ಸಿಗದ ಹಾಗೆ ಬದಲಿಸಿ ಇಡುವ ರೂಪವೇ ಎನ್‌ಟಿ ಹ್ಯಾಶ್; ಸಾಲ್ಟ್ (ಮೊದಲೇ ಬೆರೆಸುವ ಯಾದೃಚ್ಛಿಕ ಅಕ್ಷರಗಳು) ಇಲ್ಲದ ಈ ಹ್ಯಾಶ್‌ಗಳ ಮೇಲೆ ಆ ಕಾರ್ಡ್ ಓಡಿದರೆ, ನನ್ನ ಪ್ರೊಸೆಸರ್ ನಂಬಿದ ಜಾನ್ ಎತ್ತಿನ ಗಾಡಿ.

ಕಷ್ಟ ಶುರುವಾದದ್ದು ಬೆಳಿಗ್ಗೆ. ರಾತ್ರಿಯಿಡೀ ಹ್ಯಾಶ್‌ಕ್ಯಾಟ್ ಓಡಿಸಿ ಎದ್ದು ನೋಡಿದರೆ, ಒಡೆದದ್ದನ್ನು ಬರೆದಿಡುವ ಪಾಟ್‌ಫೈಲ್ ತುಂಬ ಹ್ಯಾಶ್, ಒಂದು ಕೋಲನ್, ಅದರಾಚೆ ಪಾಸ್‌ವರ್ಡ್. ಯಾವುದು ಎರಡೇ ನಿಮಿಷಕ್ಕೆ ಒಡೆಯಿತು, ಯಾವುದು ನಾಲ್ಕು ಗಂಟೆ ತಡೆಯಿತು, ಯಾವ ನಿಯಮಕ್ಕೆ (ಪದಪಟ್ಟಿಯ ಪದಗಳನ್ನು ತಿರುಚಿ ನೋಡುವ ಸೂತ್ರಕ್ಕೆ) ಸಿಕ್ಕಿತು, ಒಂದೂ ಇಲ್ಲ. ಮೇಲಧಿಕಾರಿ ಕೇಳಿದ್ದು ಅದನ್ನೇ. ಸಮಯ ಬೇಕಿದ್ದರೆ ಔಟ್‌ಫೈಲ್-ಫಾರ್ಮ್ಯಾಟ್ ಎಂಬ ಆಯ್ಕೆಯಲ್ಲಿ 5 ಅಥವಾ 6 ಸೇರಿಸಬೇಕಿತ್ತಂತೆ. ನಿಯಮ ಬೇಕಿದ್ದರೆ ಡಿಬಗ್-ಮೋಡ್ ಹಾಕಿ ಕಡತದ ಹೆಸರು ಕೊಡಬೇಕಿತ್ತಂತೆ. ಕೈಪಿಡಿ ಓದದ ತಪ್ಪು ನನ್ನದೇ.

ಸರಿ ಎಂದು ಎಲ್ಲ ಸೇರಿಸಿ ಮತ್ತೆ ಓಡಿಸಿದೆ. ಹೊಸ ಕಡತ ಖಾಲಿ! ಪಾಟ್‌ಫೈಲ್‌ನಲ್ಲಿ ಆಗಲೇ ಇರುವುದನ್ನು ಅದು ಮತ್ತೆ ಒಡೆಯುವುದೇ ಇಲ್ಲ. ಪಾಟ್‌ಫೈಲ್-ಡಿಸೇಬಲ್ ಎಂಬ ಆಯ್ಕೆ ಕಣ್ಣಿಗೆ ಬೀಳುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಇನ್ನೊಂದು ರಾತ್ರಿಯ ಕರೆಂಟು ಖರ್ಚಾಯಿತು, ಮನೆಯ ಮೀಟರಿನಲ್ಲಿ.

ಜಾನ್‌ಗೆ ಏನೂ ಹೇಳಬೇಕಾಗಿಲ್ಲ. ಯಾವ ನಿಯಮ ಈಗ ಆರಂಭವಾಯಿತು, ಅದರ ಕೆಳಗೆ ಯಾರ ಖಾತೆ ಒಡೆಯಿತು, ಓಟ ಶುರುವಾಗಿ ಎಷ್ಟು ಹೊತ್ತಾಗಿತ್ತು, ಎಲ್ಲವನ್ನೂ ಶಾನುಭೋಗರ ಹಾಗೆ ಲಾಗ್ ಕಡತಕ್ಕೆ ಬರೆದುಕೊಂಡು ಹೋಗುತ್ತದೆ. ಸೆಷನ್‌ಗೆ (ಒಂದು ಓಟಕ್ಕೆ) ಹೆಸರಿಟ್ಟರೆ ಅದೇ ಹೆಸರಿನ ಬೇರೆ ಲಾಗ್. ನನಗೆ ಹಿಡಿಸಿದ ಇನ್ನೊಂದು ಸಂಗತಿ: ಸಂರಚನೆಯನ್ನು ಬದಲಿಸದಿದ್ದರೆ ಲಾಗ್‌ನಲ್ಲಿ ಖಾತೆಯ ಹೆಸರಿರುತ್ತದೆ, ಒಡೆದ ಪಾಸ್‌ವರ್ಡ್ ಇರುವುದಿಲ್ಲ. ವರದಿಗೆ ಹಾಗೆಯೇ ಲಗತ್ತಿಸಬಹುದು. ಪಾಸ್‌ವರ್ಡ್ ಇರುವ ಪಾಟ್ ಕಡತವನ್ನು ಮಾತ್ರ ಬೀಗ ಹಾಕಿಡಬೇಕು. ಈ ಮಾತು ಎರಡೂ ತಂತ್ರಾಂಶಗಳಿಗೆ ಅನ್ವಯಿಸುತ್ತದೆ.

ಲಾಗ್‌ನಲ್ಲಿ ಗಡಿಯಾರದ ಸಮಯವಿಲ್ಲದಿರುವುದು ಕಿರಿಕಿರಿ. ಜಾನ್‌ನ ಜಂಬೋ (ಹೆಚ್ಚು ಸೌಲಭ್ಯಗಳಿರುವ) ಆವೃತ್ತಿಯ ಸಂರಚನೆಯಲ್ಲಿ ಒಂದು ಸಾಲು ತಿದ್ದಿದರೆ ಅದೂ ಬರುತ್ತದೆ.

ನೂರೆಂಟು ಆಯ್ಕೆಗಳನ್ನು ನೆನಪಿಡುವ ಜಾತಿಯವನಲ್ಲ ನಾನು. ಕಾರ್ಡನ್ನು ಮಾರಿಲ್ಲ, ಕೊಂಡ ಬೆಲೆ ಹುಟ್ಟುವುದಿಲ್ಲ. ಜಾನ್ ಒಂದು ರಾತ್ರಿಯಲ್ಲಿ ಒಡೆಯಲಾಗದ ಹ್ಯಾಶ್‌ಗಳನ್ನು ಮಾತ್ರ ಹ್ಯಾಶ್‌ಕ್ಯಾಟ್‌ಗೆ ಒಪ್ಪಿಸುತ್ತೇನೆ, ಸಮಯ ಬರೆಸುವ ಆ 5 ಹಾಕಿದ್ದೇನೆಯೇ ಎಂದು ಎರಡು ಸಲ ನೋಡಿಕೊಂಡು.